ಘಾಟಿಯ ತಲೆಯವರೆಗೆ ದುಗ್ಗಪ್ಪ

ತೆಕ್ಕಟ್ಟೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ದುಗ್ಗಪ್ಪ ತೆಂಗಿನ ಕರಟದಲ್ಲಿ ಕಾವಿಮಣ್ಣು ಕಲಸುತ್ತಿದ್ದಾರೆ. ಅದಕ್ಕೆ ನಾಲ್ಕು ಹನಿ ಎಣ್ಣೆ. ದಾರಿಯಲ್ಲಿ ಹೋಗುವವರು ಕಂಡರೆ ಯಾವುದೋ ಗುಡಿಯ ಗೋಡೆಗೆ ಬಣ್ಣ ಬಳಿಯಲು ಹೊರಟವರು ಎಂದುಕೊಳ್ಳಬೇಕು. ಆದರೆ ಅವರ ಬೆರಳು ಆ ಕೆಂಪನ್ನು ಹಚ್ಚುತ್ತಿರುವುದು ಮೀನಿನ ಲಾರಿಯ ಹಿಂದಿನ ಆಕ್ಸಲಿಗೆ ಕೂಡಿಸುತ್ತಿರುವ ಹೊಸ ಜೋಡಿ ಹಲ್ಲುಗಾಲಿಗಳಿಗೆ. ಹಚ್ಚಿ, ತಿರುಗಿಸಿ, ಬಗ್ಗಿ ನೋಡುತ್ತಾರೆ. ಕೆಂಪು ಹಲ್ಲಿನ ನಡುವೆ ಅಳಿಸಿದ್ದರೆ ಕೂಡಿಕೆ ಸರಿ. ಅಂಚಿನಲ್ಲಿ ಅಳಿಸಿದ್ದರೆ ಮತ್ತೆ ಬಿಚ್ಚಿ ಕೂಡಿಸಬೇಕು. ಇವತ್ತು ಅಂಚಿನಲ್ಲೇ ಅಳಿಸಿದೆ.

"ಹ್ವಾಯ್, ಗಂಜಿ ತಣಿತ್," ಎಂದು ಹೆಂಡತಿ ಕುಸುಮಾವತಿ ತೆಂಗಿನ ಮಡಲು ಹೊದಿಸಿದ ಶೆಡ್ಡಿನೊಳಗೆ ಇಣುಕುತ್ತಾರೆ. "ಆ ಹಲ್ಲ್ ಹಾಳಾರೆ ಅದೊಂದನ್ನೇ ಬದ್ಲ್ ಮಾಡುಕಾಗ್ದಾ?"

"ಆತಿಲ್ಲೆ ಮಾರಾಯ್ತಿ. ಸಣ್ಣದ್ ದೊಡ್ಡದ್ ಒಟ್ಟಿಗೇ ಸವೆಯುದ್. ಬದ್ಲ್ ಮಾಡುದಾರೆ ಜೋಡಿಯನ್ನೇ ಮಾಡ್ಕ್. ಗಂಡ ಹೆಂಡ್ತಿ ಇದ್ದಂಗೆ."

"ನಿಮ್ಮನ್ ಬದ್ಲ್ ಮಾಡುವ ಅಂಗ್ಡಿ ಎಲ್ಲಿತ್ತ್ ಹೇಳಿ, ಈಗ್ಳೇ ಹೋತೆ!"

ಲಾರಿ ಉಪ್ಪುಂದದ ಚಂದಯ್ಯನವರದು. ಮೀನು ತುಂಬಲು ಕಡಲಬದಿಗೆ ಇಳಿದಾಗಲೆಲ್ಲ ಗಾಲಿ ಹೊಯ್ಗೆಯಲ್ಲಿ ಹುಗಿದು ಬರೀ ಮರಳು ಎರಚುತ್ತಿತ್ತು. ಅದಕ್ಕೆಂದು ಮಿಲಿಟರಿಯವರು ಹರಾಜು ಹಾಕಿದ ದೊಡ್ಡ ಟಯರು ತಂದು ತೊಡಿಸಿದರು. ಹೊಯ್ಗೆ ಸೋತಿತು, ಆದರೆ ಘಾಟಿ ಗೆದ್ದಿತು. ಬಾಳೆಬರೆ ಘಾಟಿಯ ತಿರುವಿನಲ್ಲಿ ಬಂಗ್ಡೆ ಮೀನು ಹೇರಿದ ಲಾರಿ ಏದುಸಿರು ಬಿಟ್ಟು ನಿಂತಿತು. ನಿಂತದ್ದು ಹಿಂದಕ್ಕೆ ಉರುಳಿತು. ಒಂದು ಬದಿ ಕಣಿವೆ. ಪುಣ್ಯಕ್ಕೆ ಇನ್ನೊಂದು ಬದಿಯ ಮಣ್ಣಿನ ದರೆಗೆ ಒರಗಿಕೊಂಡಿತು. ಅಂದಿನಿಂದ ಚಾಲಕ ಮುತ್ತ ಆ ಲಾರಿಯ ಸ್ಟೇರಿಂಗ್ ಮುಟ್ಟಿಲ್ಲ. ಟಯರು ಬಿಚ್ಚಿದರೆ ಕಡಲಬದಿ ಇಲ್ಲ, ಬಿಚ್ಚದಿದ್ದರೆ ಘಾಟಿ ಇಲ್ಲ ಎಂದು ಚಂದಯ್ಯ ತಲೆ ಮೇಲೆ ಕೈ ಹೊತ್ತು ತೆಕ್ಕಟ್ಟೆಗೆ ಬಂದರು.

"ದೊಡ್ ಟಯರ್ ಅಂದ್ರೆ ದೊಡ್ ಹೆಜ್ಜಿ, ಸಾವ್ಕಾರ್ರೆ," ಎಂದು ದುಗ್ಗಪ್ಪ ಅಂದೇ ಅವರಿಗೆ ತಿಳಿಸಿ ಹೇಳಿದ್ದರು. "ಬಯಲಗೆ ನಡುಕೆ ಲಾಯ್ಕ್. ತಲಿ ಮೇಲ್ ಅಕ್ಕಿಮುಡಿ ಇಟ್ಕಂಡ್ ಗುಡ್ಡಿ ಹತ್ತುಕೆ ಸಣ್ ಹೆಜ್ಜಿಯೇ ಆಯ್ಕ್. ಟಯರ್ ಇರ್ಲಿ. ಒಳ್ಗಿನ್ ಹಲ್ಲಿನ್ ಲೆಕ್ಕ ಬದ್ಲ್ ಮಾಡ್ತೆ."

ಈ ವಿದ್ಯೆ ಅವರಿಗೆ ಸಿಕ್ಕಿದ್ದು ಬೊಂಬಾಯಿಯಲ್ಲಿ. ನೆಂಟರ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದವರು ಎದುರಿನ ಲಾರಿ ಶೆಡ್ಡಿಗೆ ಚಾ ಕೊಡಲು ಹೋಗಿ ಹೋಗಿ ಅಲ್ಲೇ ಉಳಿದರು. ಕನ್ನಡನಾಡು ಒಂದಾದ ವರ್ಷ ಊರಿಗೆ ಮರಳಿ ಈ ಶೆಡ್ಡು ಕಟ್ಟಿದರು. ಬೇಕಾದ ಜೋಡಿಹಲ್ಲು ಇಂದಿಗೂ ಬೊಂಬಾಯಿಯಿಂದಲೇ ಬರಬೇಕು. ಬರುವ ತನಕ ಬೈಗುಳ ತಿನ್ನುವವರು ಇವರು.

ಹಲ್ಲು ಬದಲಿಸಿದ ಲಾರಿ ಮೊದಲ ಸಲ ಘಾಟಿ ಹತ್ತುವಾಗ ದುಗ್ಗಪ್ಪ ಚಾಲಕನ ಪಕ್ಕ ಕೂರಲೇಬೇಕು. ಅದು ಅವರದೇ ಕಟ್ಟಳೆ. "ಬಿಚ್ಚಿ ಕಟ್ದವ ಮನಿ ಒಳ್ಗ್ ಕೂಕಂಡ್ ಉಂಬುದ್, ಓಡ್ಸುವವ ಹೆದ್ರಿ ಸಾಯುದ್, ಅದ್ ನ್ಯಾಯ ಅಲ್ಲ," ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಮುತ್ತ ಮತ್ತೆ ಸ್ಟೇರಿಂಗ್ ಹಿಡಿಯಲು ಒಪ್ಪಿದ್ದು.

ಕೆಂಪು ಕೊನೆಗೂ ಹಲ್ಲಿನ ನಡುವೆ ಅಳಿಸಿದ ಮೇಲೆ, ಉಪ್ಪುಂದದಲ್ಲಿ ಮೀನು, ಮಂಜುಗಡ್ಡೆ ಹೇರಿ ಹೊರಟ ಲಾರಿ ಹೊಸಂಗಡಿ ದಾಟುತ್ತದೆ. ಏರು ಶುರುವಾದಂತೆ ಮುತ್ತ ಸ್ಟೇರಿಂಗಿನ ಮೇಲೆ ಬಗ್ಗಿ ಕೂರುತ್ತಾನೆ. ದುಗ್ಗಪ್ಪ ಕಣ್ಣು ಮುಚ್ಚಿ, ಅಂಗಾಲನ್ನು ಲಾರಿಯ ತಗಡಿಗೆ ಒತ್ತಿ ಹಿಂದಿನ ಸದ್ದಿಗೆ ಕಿವಿ ಕೊಟ್ಟಿದ್ದಾರೆ. ಲಾರಿ ಹಿಂದಕ್ಕೆ ಉರುಳಿದ್ದ ಆ ತಿರುವು ಬರುತ್ತಲೇ ಕಣ್ಣು ತೆರೆಯುತ್ತಾರೆ.

"ಇಲ್ಲಿ ನಿಲ್ಸ್."

"ಇಲ್ಲ್ಯಾ? ನಿಮ್ಗ್ ಮರ್ಲಾ ದುಗ್ಗಪ್ಪಣ್ಣ? ಹತ್ತುತಾ ಇತ್ತಲೆ!"

"ಓಡ್ಕಂಡ್ ಬಂದದ್ದ್ ಹತ್ತುದ್ ದೊಡ್ಡಸ್ತಿಕಿ ಅಲ್ಲ. ನಿಂತದ್ದ್ ಹತ್ಕ್. ನಿಲ್ಸ್ ಮಾರಾಯಾ, ನಾನೂ ಇಲ್ಲೇ ಕೂಕಂಡಿದ್ದೆ."

ಮುತ್ತ ನಿಲ್ಲಿಸುತ್ತಾನೆ. ಬ್ರೇಕು ಬಿಡುವಾಗ ಯಾವುದೋ ದೈವದ ಹೆಸರು ಗೊಣಗುತ್ತಾನೆ. ಲಾರಿ ಒಮ್ಮೆ ನಡುಗುತ್ತದೆ. ಹಿಂದಕ್ಕೆ ಗೇಣು ಜಾಗವನ್ನೂ ಬಿಟ್ಟುಕೊಡದೆ, ಅಕ್ಕಿಮುಡಿ ಹೊತ್ತ ಆಳಿನ ಹಾಗೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ಮೇಲಕ್ಕೆ ಹೋಗುತ್ತದೆ. ಮುತ್ತ ಮೊದಲು ನಗುತ್ತಾನೆ, ಆಮೇಲೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ದುಗ್ಗಪ್ಪ ಅದನ್ನು ಕಾಣದವರಂತೆ ಹೊರಗೆ ನೋಡುತ್ತಾರೆ.

ಘಾಟಿಯ ತಲೆಯ ಮೇಲೆ ಅವರು ಇಳಿಯುತ್ತಾರೆ. ಯಾವ ಲಾರಿಯಾದರೂ ಅಷ್ಟೇ. ಮುಂದಿನ ಶಿವಮೊಗ್ಗ ಹೇಗಿದೆಯೆಂದು ಇವರು ಕಂಡವರಲ್ಲ.

"ಬನ್ನಿ ಹೋಪ, ಶಿಮೊಗ್ಗದಗೆ ಚಾ ಕುಡಿವ," ಮುತ್ತ ಕರೆಯುತ್ತಾನೆ.

"ಹತ್ತಿದ್ ಲಾರಿ ಒಳ್ಗ್ ನಂಗ್ ಎಂತ ಕೆಲ್ಸ? ಕೆಳ್ಗ್ ಹೋಪ ಗಾಡಿ ಸಿಕ್ಕತ್." ಲಾರಿಯ ಬಾಗಿಲು ಮುಚ್ಚುತ್ತ, "ಆಸಿ ಅಂದ್ರೆ ಒಂದಿತ್ತ್ ಮುತ್ತ. ಒಂದ್ ಸಲ ಈ ಘಾಟಿ ನಿದ್ದಿ ಮಾಡ್ಕಂಡ್ ಹತ್ಕ್. ಯಾವ್ ಸದ್ದಿಗೂ ಕೆಮಿ ಕೊಡ್ದೆ," ಎನ್ನುತ್ತಾರೆ.

ಮುತ್ತ ಗೇರು ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ.

"ಹಾಂಗಾರೆ ಬಪ್ಪ ವಾರ ನನ್ನೊಟ್ಟಿಗೆ ಬನ್ನಿ. ತಲಿದಿಂಬ್ ನಾನೇ ತತ್ತೆ!"