ಸಭಾಂಗಣದಲ್ಲಿ ಎದ್ದು ನಿಂತ ಫ್ಲ್ಯಾಶ್

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ತಾಪತ್ರಯ ಶುರುವಾದದ್ದು ಕ್ಯಾಮೆರಾ ಕೊಂಡ ಮೇಲೆ.

ಹೊಸಬರಿಗೆಂದೇ ಮಾಡಿದ ಡಿಎಸ್‌ಎಲ್‌ಆರ್ ಅದು. ಹಗುರ, ಕೈಗೆ ಒಪ್ಪುವಂಥದ್ದು, ಪೆಟ್ಟಿಗೆಯಲ್ಲೇ ಜೊತೆಗೆ ಬಂದ ಒಂದು ಸಾಧಾರಣ ಲೆನ್ಸ್. ಹಗಲು ಬೆಳಕಿನಲ್ಲಿ ಮಾತ್ರ ಅದರ ಕೆಲಸ ನೋಡಿದರೆ ಯಾರಾದರೂ ಮರುಳಾಗಬೇಕು. ಜಗಲಿಯಲ್ಲಿ ಕೂತ ಭಾವನ ಚಿತ್ರ ತೆಗೆದ; ನರೆತ ಗಡ್ಡದ ಕೂದಲು ಕೂದಲೂ ಕಾಣುವಷ್ಟು ಸ್ಪಷ್ಟ, ಹಿಂದಿನ ಗೋಡೆ ಹಿತವಾಗಿ ಮಸುಕು. ಭಾವ ಕಂಡವರಿಗೆಲ್ಲ ತೋರಿಸಿದರು. ಅಲ್ಲಿಂದ ಇವನ ಕಾಲು ನೆಲಕ್ಕೆ ತಾಗಲಿಲ್ಲ.

ನಿಜ ಹೇಳಬೇಕೆಂದರೆ ಅವನು ಮಾಡಿದ್ದು ಡಯಲನ್ನು, ಎಲ್ಲವನ್ನೂ ಕ್ಯಾಮೆರಾವೇ ನೋಡಿಕೊಳ್ಳುವ ಆಟೋಗೆ ತಿರುಗಿಸಿ ಗುಂಡಿ ಒತ್ತಿದ್ದಷ್ಟೇ. ಜೊತೆಗೆ ಕೊಟ್ಟ ಪುಸ್ತಕವನ್ನು ಕವರಿನಿಂದ ಹೊರಗೆ ತೆಗೆದೂ ಇರಲಿಲ್ಲ. "ಲೆನ್ಸ್ ವಿಷಯ ನನಗ್ಯಾರು ಹೇಳಿಕೊಡಬೇಕು? ದಿನಾ ಅದರಲ್ಲೇ ಬಿದ್ದಿರ್ತೀನಿ" ಎನ್ನುತ್ತಿದ್ದ.

ಅವನ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಚಿಕ್ಕಂದಿನಿಂದ ನಾಟಕದ ಹುಚ್ಚು. ಮದುವೆ, ಮಕ್ಕಳು, ಪಾಳಿ ಕೆಲಸ ಎಂದು ಆ ಹುಚ್ಚು ಮೂಲೆ ಸೇರಿತ್ತು. ಆ ವರ್ಷ ಆಸ್ಪತ್ರೆಯವರೆಲ್ಲ ಸೇರಿ ನಾಟಕ ಆಡುವುದೆಂದಾಯಿತು. ಮಗಳನ್ನು ಮನೆಯಿಂದ ಹೊರಗೆ ಹಾಕಿದ ತಾಯಿಯ ಪಾತ್ರ ಅಕ್ಕನಿಗೆ ಸಿಕ್ಕಿತು. ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ಮಾತು ಬಾಯಿಪಾಠ ಮಾಡಿದಳು.

"ಸ್ಟುಡಿಯೋದವರನ್ನ ಕರೆಸೋಣ್ವೇನೋ?" ಎಂದು ಕೇಳಿದಳು.

"ಮನೇಲಿ ನಾನಿರುವಾಗ ಅವರ್ಯಾಕಕ್ಕಾ?" ಎಂದ.

ನಾಟಕದ ಸಂಜೆ ಸಭಾಂಗಣದ ದೀಪ ಆರಿತು. ರಂಗದ ಮೇಲೆ ಮಂಕು ಹಳದಿ ಬೆಳಕು. ಕ್ಯಾಮೆರಾ ಕಣ್ಣಿಗಿಟ್ಟರೆ ಏನೂ ಸರಿಯಾಗಿ ಕಾಣದು. ಲೆನ್ಸು ಕತ್ತಲಲ್ಲಿ ತಡಕಾಡುವವರಂತೆ ಹಿಂದೆ ಮುಂದೆ ಆಡಿ ಗರಗರ ಎಂದಿತು. ಜೂಮನ್ನು ಎಷ್ಟು ಎಳೆದರೂ ಅಕ್ಕ ದೂರವೇ ಉಳಿದಳು. ಸರಿ, ಎದ್ದು ಬಗ್ಗಿಕೊಂಡು ರಂಗದ ಬುಡಕ್ಕೇ ಹೋದ.

ಮಗಳು ಬಾಗಿಲು ತಟ್ಟುವ ದೃಶ್ಯ. ತಾಯಿ ಬಾಗಿಲು ತೆರೆದು ಸುಮ್ಮನೆ ನಿಲ್ಲಬೇಕು. ಆಮೇಲೆ ಒಂದೇ ಮಾತು. ಸಭೆ ಉಸಿರು ಬಿಗಿಹಿಡಿದಿತ್ತು. ಅವನು ಗುಂಡಿ ಒತ್ತಿದ. ಬೆಳಕು ಸಾಲದೆಂದು ಕ್ಯಾಮೆರಾ ತಾನೇ ತೀರ್ಮಾನಿಸಿ ನೆತ್ತಿಯ ಫ್ಲ್ಯಾಶನ್ನು ಟಕ್ಕೆಂದು ಎಬ್ಬಿಸಿತು. ಫಳ್, ಫಳ್, ಫಳ್! ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದಳು.

ಮಾತು ಬರಲಿಲ್ಲ.

ಗಾಬರಿಯಲ್ಲಿ ಅವನು ಫ್ಲ್ಯಾಶನ್ನು ಬೆರಳಿನಿಂದ ಒತ್ತಿ ಕೂರಿಸಿದ. ಇನ್ನೊಂದು ಬೆರಳು ಗುಂಡಿಗೆ ತಾಗಿತು. ಅದು ಮತ್ತೆ ಎದ್ದು ಫಳ್ ಎಂದಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಕೂತ್ಕೊಳ್ರೀ ಸ್ವಾಮಿ!" ಎಂದು ಇನ್ಯಾರೋ ಕೂಗಿದರು. ಪರದೆಯ ಮರೆಯಿಂದ ಮಾತು ಎತ್ತಿಕೊಟ್ಟದ್ದು ಸಭೆಗೆಲ್ಲ ಕೇಳಿಸಿತು. ಅಕ್ಕ ಅದನ್ನು ಒಪ್ಪಿಸಿದಳು, ನಾಟಕ ಮುಗಿಸಿದಳು. ಒಪ್ಪಿಸಿದಳು, ಅಷ್ಟೇ.

ಮನೆಗೆ ಬಂದು ಚಿತ್ರ ನೋಡಿದರೆ ಅವನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಕೆಲವು ಚಿತ್ರಗಳಲ್ಲಿ ಅಕ್ಕನ ಮುಖ ಸುಣ್ಣ ಬಳಿದಂತೆ ಬಿಳುಪು. ಆಮೇಲೆ ಫ್ಲ್ಯಾಶನ್ನು ಬೆರಳಿನಿಂದ ಅದುಮಿ ಹಿಡಿದು ತೆಗೆದ ಕೆಲವುಗಳಲ್ಲಿ ಕೈಕಾಲು ಕದಡಿದ ನೀರಿನಂತೆ ಮಸುಕು. ಉಳಿದವುಗಳ ಮೇಲೆಲ್ಲ ಮರಳು ಎರಚಿದಂತೆ ಚುಕ್ಕೆ. ಅಕ್ಕ ಕೇಳಿದಾಗ ಬಾಯಿಗೆ ಬಂದದ್ದು ಸುಳ್ಳು.

"ಕಾರ್ಡ್ ಕೆಟ್ಟುಹೋಯ್ತಕ್ಕಾ. ಒಂದೂ ಉಳಿಲಿಲ್ಲ."

"ಹೋಗ್ಲಿ ಬಿಡು, ಮಿಷನ್ನು ತಾನೇ" ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ದಿನಗಳಲ್ಲಿ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ಮಧ್ಯಾಹ್ನ ಅವಳೇ ಅಂಗಡಿಗೆ ಬಂದಳು, ಮುಖ ಅರಳಿತ್ತು.

"ನಮ್ಮ ಎಕ್ಸ್-ರೇ ಅವರು ಕೆಟ್ಟ ಕಾರ್ಡಿಂದ ಫೋಟೋ ವಾಪಸ್ ತೆಗೀತಾರಂತೆ ಕಣೋ. ಕೊಡು."

ಅವನ ಕೈಯಲ್ಲಿದ್ದ ಗಾಜು ಜಾರಿ ಮೇಜಿನ ಮೇಲೆ ಬಿತ್ತು.

"ಕಾರ್ಡ್ ಚೆನ್ನಾಗೇ ಇದೆ" ಎಂದ, ಮುಖ ಎತ್ತದೆ. "ಫೋಟೋನೇ ಕೆಟ್ಟಿರೋದು. ತೋರಿಸೋಕೆ ಮುಖ ಇರಲಿಲ್ಲ."

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ನೋಡಿದಳು. ಕೊನೆಗೆ ಹೇಳಿದಳು: "ಅವತ್ತು ನಿನ್ನ ಫ್ಲ್ಯಾಶಿಂದಾನೇ ಮಾತು ಮರೆತದ್ದು. ಇಲ್ಲ ಅಂತ ಸಮಾಧಾನ ಹೇಳಲ್ಲ. ಅದಕ್ಕೂ ಸಿಟ್ಟಿಲ್ಲ. ನನಗೇ ಸುಳ್ಳು ಹೇಳಿದ್ಯಲ್ಲ, ನಾನೇನು ಹೊರಗಿನೋಳಾ?"

ಅವನು ಬಿದ್ದ ಗಾಜನ್ನು ಎತ್ತಿ ಒರೆಸತೊಡಗಿದ.

ಆಮೇಲೆ ಕ್ಯಾಮೆರಾದ ಪುಸ್ತಕ ತೆಗೆದು ಓದಿದ. ಫ್ಲ್ಯಾಶನ್ನು ಏಳದಂತೆ ತಡೆಯುವ ಗುರುತು ಡಯಲಿನಲ್ಲಿ ಆಟೋ ಪಕ್ಕದಲ್ಲೇ ಇತ್ತು! ಅಂಥ ಕತ್ತಲಲ್ಲಿ ಆ ಲೆನ್ಸಿನಿಂದ ಪಳಗಿದ ಕೈಗೂ ಹೆಚ್ಚೇನೂ ದಕ್ಕದು ಎಂಬುದೂ ತಿಳಿಯಿತು. ಅದರಿಂದ ನೆಮ್ಮದಿಯೇನೂ ಸಿಗಲಿಲ್ಲ.

ಮರುವರ್ಷದ ನಾಟಕಕ್ಕೆ ಸ್ಟುಡಿಯೋದವರನ್ನು ಅವನೇ ಗೊತ್ತುಮಾಡಿದ. ತಾನು ಹಗಲಿನ ತಾಲೀಮಿಗೆ ಹೋಗಿ, ಅಂಗಳದ ಬೆಳಕಿನಲ್ಲಿ ವೇಷ ತೊಟ್ಟ ಅಕ್ಕನ ಚಿತ್ರ ತೆಗೆದ. ಅದೀಗ ಅವಳ ಮನೆಯ ನಡುಮನೆಯಲ್ಲಿದೆ. ಬಂದವರು ಯಾರು ತೆಗೆದದ್ದೆಂದು ಕೇಳಿದರೆ ಅಕ್ಕ "ನನ್ನ ತಮ್ಮ" ಎನ್ನುತ್ತಾಳೆ. ಅವನು ಅಲ್ಲೇ ಇದ್ದರೆ, ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾನೆ.