ಅಮಾವಾಸ್ಯೆಗೊಮ್ಮೆ ನೆಟ್ ಹಚ್ಚುತ್ತಿದ್ದ ಪೇಟಿ ಮಾಸ್ತರು

ಹೋದ ಅಮಾವಾಸ್ಯೆಯ ಬೆಳಿಗ್ಗೆ ರಾಯಚೂರಿನ ತೀನ್ ಕಂದೀಲ್ ವೃತ್ತ ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಕಿರಾಣಿ ಅಂಗಡಿಯವರೊಬ್ಬರು ಪೂಜೆ ಮುಗಿಸಿ, ಕೆಂಡದ ಮೇಲೆ ಲೋಬಾನ ಉದುರಿಸಿ, ಹೊಗೆಯನ್ನು ಬಾಗಿಲಿಗೂ ತಕ್ಕಡಿಗೂ ತೋರಿಸುತ್ತಿದ್ದರು. ಆ ವಾಸನೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಮೊಬೈಲ್ ತೆಗೆದು ಹಾಟ್‌ಸ್ಪಾಟ್ ಆನ್ ಮಾಡಿತು. ಯಾರಿಗೆ ಎಂದು ಆಮೇಲೆ ಹೊಳೆಯಿತು... ಮಾಸ್ತರು ಹೋಗಿ ಮೂರು ವರ್ಷವಾಗಿತ್ತು. ಆಫ್ ಮಾಡಿ ಮುಂದೆ ನಡೆದೆ.

ಅವರನ್ನು ಎಲ್ಲರೂ ಪೇಟಿ ಮಾಸ್ತರು ಎನ್ನುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂ ಅಂದರೆ ಪೇಟಿ. ಮಾನ್ವಿ ಕಡೆಯ ಕುರಿ ಕಾಯುವ ಮನೆತನದವರು. ಅವರ ಅಪ್ಪ ಹಗಲು ಕುರಿ ಹಿಂದೆ, ಸಂಜೆ ಭಜನೆ ಮೇಳದಲ್ಲಿ ಪೇಟಿ ಮುಂದೆ. ಮಗ ರಾಯಚೂರಿಗೆ ಬಂದು ಒಬ್ಬ ದರ್ಜಿಯ ಅಂಗಡಿಯ ಮೇಲೆ ಒಂದೇ ಕೋಣೆಯ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟರು. ದನಿ ಗೋಡೆಗೆ ಬಡಿದು ಮರಳಿ ಬರಬಾರದೆಂದು ನಾಲ್ಕೂ ಗೋಡೆಗೆ ಹಳೆ ಬಟ್ಟೆ ಹೊಲಿದ ದಪ್ಪ ಕೌದಿ ಹೊಡೆದಿದ್ದರು. ಬೇಸಿಗೆಯಲ್ಲಿ ಆ ಕೋಣೆಯೊಳಗೆ ಕುಳಿತರೆ ಹಾಡುವವರು ಹಾಡಿಗಿಂತ ಮೊದಲು ಬೆವರಿನಲ್ಲಿ ತೋಯುತ್ತಿದ್ದರು. ಭಜನೆ ಮೇಳದವರು, ಶಾಲೆಯ ಗ್ಯಾದರಿಂಗಿನವರು, ಎಲೆಕ್ಷನ್ ಬಂದರೆ ಪ್ರಚಾರದ ಹಾಡಿನವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ನಾನು ಪಾಠ ಮಾಡುವ ಶಾಲೆಯ ಮಕ್ಕಳನ್ನು ಪ್ರಾರ್ಥನಾ ಗೀತೆಗೆಂದು ಕರೆದುಕೊಂಡು ಹೋದದ್ದು. ಪರಿಚಯವಾದದ್ದು ಹಾಗೆ.

ಅಪ್ಪನ ಪೇಟಿ ಹಳತಾಗಿ ತಿದಿಯಲ್ಲಿ ಗಾಳಿ ನಿಲ್ಲದಾದಾಗ ಮಾಸ್ತರು ಒಂದು ಉಪಾಯ ಮಾಡಿದರು. ಹಾಡು ರೆಕಾರ್ಡ್ ಮಾಡಲೆಂದು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಕೊಂಡಿದ್ದರು, ಅದರಲ್ಲಿ ನಮ್ಮದೇ ವಾದ್ಯದ ದನಿ ತುಂಬಿಸಿ ಇಡಬಹುದಿತ್ತು. ಫ್ಯಾನ್ ಬಂದ್ ಮಾಡಿ, ಎರಡು ದಿನ ಕುಳಿತು, ಪೇಟಿಯ ಒಂದೊಂದೇ ಮನೆ ಒತ್ತಿ, ಮೆಲ್ಲಗೊಮ್ಮೆ ಜೋರಾಗೊಮ್ಮೆ ರೆಕಾರ್ಡ್ ಮಾಡಿದರು. ಕರಿ ಎರಡು ಎನ್ನುವ ಮನೆಯ ದನಿಯ ಕೊನೆಯಲ್ಲಿ ಕೆಳಗಿನ ಓಣಿಯ ಐಸ್‌ಕ್ಯಾಂಡಿ ಗಾಡಿಯ ಗಂಟೆ ಸಣ್ಣಗೆ ಸೇರಿಕೊಂಡಿತ್ತು. ಮತ್ತೊಮ್ಮೆ ಮಾಡಿ ಅಂದೆ. "ಇರ್ಲಿ ಬಿಡು ತಂಗೀ, ಅದೂ ನಮ್ಮ ಓಣೀದs ಅಲ್ಲೇನು?" ಎಂದರು. ಅಲ್ಲಿಂದಾಚೆ ಕಂಪ್ಯೂಟರಿಗೆ ಜೋಡಿಸಿದ, ಪೇಟಿಯಂಥದೇ ಮನೆಗಳ ಪ್ಲಾಸ್ಟಿಕ್ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಹೆಡ್‌ಫೋನಿನಲ್ಲಿ ಅವರ ಅಪ್ಪನ ಪೇಟಿ ನುಡಿಯುತ್ತಿತ್ತು. ಮರದ ಪೇಟಿಯನ್ನು ಸಿರವಾರದ ಹತ್ತಿರದ ಒಂದು ಮೇಳಕ್ಕೆ ಕೊಟ್ಟುಬಿಟ್ಟರು. ಮೇಳದವರು ಅದಕ್ಕೆ ಹೊಸ ರೀಡು, ಹೊಸ ತಿದಿ ಹಾಕಿಸಿಕೊಂಡರು.

ಆ ಸಾಫ್ಟ್‌ವೇರಿನ ಪರವಾನಗಿ ಪತ್ರವನ್ನು ಮಾಸ್ತರು ಲ್ಯಾಮಿನೇಶನ್ ಮಾಡಿಸಿ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದರು. ಜೀವಮಾನದ ಪರವಾನಗಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಆದರೂ ತಿಂಗಳಿಗೊಮ್ಮೆ ಇಂಟರ್‌ನೆಟ್ಟಿಗೆ ಹೋಗಿ ಕಂಪನಿಯ ಕಂಪ್ಯೂಟರಿಗೆ ಮುಖ ತೋರಿಸಿ ಬರದಿದ್ದರೆ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಮಾಸ್ತರ ಹತ್ತಿರ ಇದ್ದದ್ದು ಬಟನ್ ಫೋನು. ಹಾಗಾಗಿ ಪ್ರತಿ ಅಮಾವಾಸ್ಯೆ ನಾನು ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಕಂಪ್ಯೂಟರಿಗೆ ಭಂಡಾರದ ಅರಿಸಿನ, ಮೈಕಿಗೆ ಕುಂಕುಮ, ಪರವಾನಗಿ ಪತ್ರಕ್ಕೊಂದು ಹೂವು, ಲೋಬಾನದ ಹೊಗೆ, ಕಾಯಿ. ಅದಾದ ಮೇಲೆ ನನ್ನ ಮೊಬೈಲಿನಿಂದ ಐದು ನಿಮಿಷ ನೆಟ್. ಪರದೆಯ ಮೇಲೆ ಹಸಿರು ಟಿಕ್ ಬಿದ್ದರೆ ಮಾಸ್ತರು ಕೈ ಮುಗಿಯುತ್ತಿದ್ದರು.

"ಕೊಂಡಾಂವ ನಾನು, ದನಿ ನಮ್ಮಪ್ಪಂದು. ಹುಕುಂ ಮಾತ್ರ ಅವರ್ದು ನೋಡು," ಎಂದು ನಗುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ಅಮಾವಾಸ್ಯೆ ಬಿಟ್ಟು ಬೇರೆ ದಿನ ನೆಟ್ ಹಚ್ಚಲು ಅವರು ಸುತಾರಾಂ ಒಪ್ಪುತ್ತಿರಲಿಲ್ಲ. ಒಮ್ಮೆ ನಡುವೆ ಯಾವಾಗಲೋ ಹಚ್ಚಿದಾಗ ವೈರಸ್ ಹೊಕ್ಕು ಎರಡು ಮೇಳದವರ ಹಾಡು ಹಾಳಾಗಿದ್ದವಂತೆ. ಪೂಜೆಯಾದ ಮೇಲೆ ಹಚ್ಚಿದರೆ ಏನೂ ಕೆಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಅವರದು ಇನ್ನೊಂದು ಪದ್ಧತಿ ಇತ್ತು. ಹಾಡಿನ ದನಿ ಬೇರೆ, ಪೇಟಿ ಬೇರೆ, ತಾಳ ಬೇರೆ ಎಂದು ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಎಲ್ಲ ಕೂಡಿಸಿ ಒಂದು ಹಾಡಾಗಿ ಹೊರಗೆ ತೆಗೆಯಬೇಕಾದರೆ ಹಾಡಿದವರು ಬಂದು, ಪಕ್ಕದಲ್ಲಿ ಕುಳಿತು ಕೇಳಿ, ಹೂಂ ಅನ್ನಬೇಕು. ಅಲ್ಲಿಯವರೆಗೆ ಹಾಡು ಹೊರಗೆ ಬರುತ್ತಿರಲಿಲ್ಲ.

ನಮ್ಮ ಅವ್ವ ಜಾಲಹಳ್ಳಿಯಲ್ಲಿ ಭಜನೆಯಲ್ಲಿ ತತ್ವಪದ ಹಾಡುವವಳು. ನಾಲ್ಕು ವರ್ಷದ ಹಿಂದೆ ಅವಳನ್ನು ಕರೆತಂದು ಒಂದು ಪದ ಹಾಡಿಸಿದೆ. ಅವಳು ಒಂದೊಂದು ನುಡಿ ಹಾಡಿ ನಿಲ್ಲಿಸುವುದು, ಅದೇ ನುಡಿಯನ್ನು ಮಾಸ್ತರು ಕೀಬೋರ್ಡಿನ ಪೇಟಿಯಲ್ಲಿ ತಿರುಗಿ ನುಡಿಸುವುದು. ಹೆಡ್‌ಫೋನ್ ಹಾಕಿಕೊಂಡ ಅವ್ವ ಅದನ್ನು ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದ್ದಳು. ಮಾಸ್ತರು ಅಷ್ಟು ಚೆಂದ ನುಡಿಸಿದ್ದನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಊರವರಿಗೆಲ್ಲ ನುಡಿಸಿದ ಮನುಷ್ಯ, ತನ್ನದೆಂದು ಒಂದು ತುಣುಕೂ ಇಟ್ಟುಕೊಂಡಿರಲಿಲ್ಲ. "ಇದೊಂದು ನಂದೂ ಅಂತ ಇರ್ಲಿ," ಎಂದರು. ಹತ್ತಿ ಬಿಡಿಸುವುದು ಮುಗಿಸಿ ಬಂದು ಕೇಳುತ್ತೇನೆಂದು ಅವ್ವ ಊರಿಗೆ ಹೋದಳು.

ಆ ಹೊತ್ತಿಗೆ ಕಂಪನಿಯ ಮೇಲ್ ಬಂತು. ಮಾಸ್ತರ ಮೇಲ್ ಎಲ್ಲ ನನ್ನ ಮೊಬೈಲಿಗೇ ಬರುತ್ತಿದ್ದವು. ಹಳೆಯ ಸಾಫ್ಟ್‌ವೇರನ್ನು ನಿಲ್ಲಿಸುತ್ತೇವೆ, ಇಂಥ ತಾರೀಖಿನೊಳಗೆ ಒಮ್ಮೆ ನೆಟ್ ಹಚ್ಚಿದವರಿಗೆ ಕಾಯಂ ಆಗಿ ಬೀಗ ತೆಗೆದುಕೊಡುತ್ತೇವೆ, ಹಚ್ಚದವರು ಹೊಸದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು, ಹಳೆಯದರಲ್ಲಿ ಮಾಡಿಟ್ಟ ದನಿಗಳು ಹೊಸದರಲ್ಲಿ ತೆರೆಯುವುದಿಲ್ಲ ಎಂದು ಬರೆದಿತ್ತು. ಕೊನೆಯ ದಿನ ಅಮಾವಾಸ್ಯೆಯ ಮರುದಿನ. ಇವತ್ತೇ ಹಚ್ಚೋಣ ಎಂದೆ. "ಅಮಾಸಿ ಎಂಟು ದಿನಕ್ಕ ಅದ. ಪೂಜಿ ಮಾಡೇ ಹಚ್ಚೂಣು," ಎಂದರು. ನಾನೂ ಸರಿ ಅಂದೆ.

ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಮಾನ್ವಿಯಲ್ಲಿ ಅವರ ಅಣ್ಣ ತೀರಿಕೊಂಡರು. ಮಾಸ್ತರು ಸ್ಟುಡಿಯೋಕ್ಕೆ ಬೀಗ ಹಾಕಿ, ಕೀಲಿಕೈ ಕೆಳಗಿನ ದರ್ಜಿಯ ಕೈಗೆ ಕೊಟ್ಟು ಹೋದರು. ಅಮಾವಾಸ್ಯೆಯ ದಿನ ಫೋನ್ ಮಾಡಿದೆ.

"ಮೈಲಿಗ್ಯಾಗ ಅದನ್ನ ಮುಟ್ಟಂಗಿಲ್ಲ ತಂಗೀ. ಹನ್ನೊಂದು ದಿನ ಮುಗೀಲಿ, ಬಂದು ಹಚ್ತೀನಿ."

"ಅಷ್ಟೊತ್ತಿಗೆ ಬಂದ್ ಆಗ್ತದ್ರೀ ಮಾಸ್ತರ್."

"ಮನ್ಯಾಗ ಸಾವಾಗ್ಯದ ಅಂತ ಬರಿ ಅವರಿಗೆ. ಅವರೂ ಮನಷ್ಯಾರs ಅಲ್ಲೇನು?"

ಬರೆದೆ. ನಿಮ್ಮ ಸಂದೇಶ ತಲುಪಿದೆ ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಮನುಷ್ಯರು ಅಷ್ಟು ಬೇಗ ಬರೆಯುವುದಿಲ್ಲ ಎಂದು ನನಗೆ ಗೊತ್ತಾಗಬೇಕಿತ್ತು.

ಮರುದಿನ, ಕೊನೆಯ ದಿನ, ಶನಿವಾರ. ಅರ್ಧ ದಿನದ ಶಾಲೆ. ಸೂತಕ ಇದ್ದದ್ದು ಅವರಿಗೆ, ನನಗಲ್ಲ. ದರ್ಜಿ ನನ್ನನ್ನು ಬಲ್ಲವರು, ಕೇಳಿದ್ದರೆ ಕೀಲಿಕೈ ಕೊಡುತ್ತಿದ್ದರು. ಮೆಟ್ಟಿಲು ಹತ್ತಿ, ಕಂಪ್ಯೂಟರ್ ಚಾಲೂ ಮಾಡಿ, ಐದು ನಿಮಿಷ ನೆಟ್ ಕೊಟ್ಟು ಬರಬಹುದಿತ್ತು. ಇದೆಲ್ಲ ಅವತ್ತೇ ನನ್ನ ತಲೆಗೆ ಬಂದಿತ್ತು. ಬಿಸಿಲು ಬಹಳ ಇತ್ತು. ಅವರೇ ಬೇಡವೆಂದ ಮೇಲೆ ನನಗ್ಯಾಕೆ ಅಂದುಕೊಂಡೆ. ಮನೆಗೆ ಹೋಗಿ, ಉಂಡು, ಮಲಗಿದೆ.

ಹನ್ನೊಂದು ದಿನ ಕಳೆದು ಮಾಸ್ತರು ಬಂದು ಕಾಯಿ ಒಡೆದು ನೆಟ್ ಹಚ್ಚಿಸಿದರು. ಹಸಿರು ಟಿಕ್ ಬೀಳಲಿಲ್ಲ. ಅಪ್ಪನ ಪೇಟಿಯ ಜೊತೆ ಅವ್ವ ಇನ್ನೂ ಕೇಳದ ಆ ಪದವೂ ಒಳಗೇ ಉಳಿಯಿತು. ಕಂಪನಿಯ ಸಹಾಯವಾಣಿಗೆ ನಾನು ಫೋನ್ ಹಚ್ಚಿಕೊಟ್ಟೆ. "ಜೀವಮಾನ ಅಂತ ಬರ್ದು ಕೊಟ್ಟೀರಲ್ರೀ, ಯಾರ ಜೀವಮಾನ? ನಂದೋ, ನಿಮ್ದೋ?" ಎಂದು ಕೇಳಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮಾಸ್ತರು ಸಿರವಾರದ ಕಡೆ ಹೋಗಿ ಹೊಸ ರೀಡು ಹಾಕಿದ ಆ ಮರದ ಪೇಟಿಯನ್ನೂ ನುಡಿಸಿ ನೋಡಿ ಬಂದರು. "ಪೇಟಿ ಅದ. ಅಪ್ಪಂದಲ್ಲ," ಎಂದಷ್ಟೇ ಹೇಳಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೇನೋ... ಆಮೇಲೆ ಅಮಾವಾಸ್ಯೆಗೆ ಹೋಗುವುದನ್ನು ನಾನೇ ಬಿಟ್ಟೆ. ಹೋಗಲು ಕೆಲಸವೂ ಇರಲಿಲ್ಲ.

ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಹಾಜರಿ ಮುಗಿಸಿದೆ. ಪಾಠವನ್ನೂ ಮಾಡಿದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅವರ ಮನೆಯವರು ಸ್ಟುಡಿಯೋ ಖಾಲಿ ಮಾಡುವಾಗ ಯಾರಿಗೂ ಬೇಡವಾದ ಆ ಕಂಪ್ಯೂಟರನ್ನು ನಾನು ತಂದು ಮಂಚದ ಕೆಳಗೆ ಇಟ್ಟೆ. ಅದರ ನೆತ್ತಿಯ ಮೇಲೆ ವರ್ಷಗಳ ಭಂಡಾರ ಹಾಗೇ ಹಳದಿಯಾಗಿ ಕೂತಿತ್ತು.

ಈ ಸಲ ಮನೆಗೆ ಸುಣ್ಣ ಹೊಡೆಸುವಾಗ ಮಂಚ ಸರಿಸಿದೆ. ಕಂಪ್ಯೂಟರನ್ನು ರಿಪೇರಿಯವರಿಗೆ ಕೊಟ್ಟೆ. ಸಾಫ್ಟ್‌ವೇರ್ ತೆರೆಯುವುದಿಲ್ಲ, ಪೇಟಿಯೆಲ್ಲ ಅದರೊಳಗೇ ಉಳಿಯಿತು, ಮೈಕಿನಲ್ಲಿ ಹಿಡಿದ ಹಾಡಿನ ದನಿ ಮಾತ್ರ ಬೇರೆಯಾಗಿ ಸಿಕ್ಕಿದೆ ಎಂದು ಅವರು ಅದನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. ಅದನ್ನು ತೆಗೆದುಕೊಂಡೇ ಹೋದ ಅಮಾವಾಸ್ಯೆಯ ದಿನ ದೇವದುರ್ಗದ ಬಸ್ಸು ಹತ್ತಿದ್ದು. ಅಲ್ಲಿಂದ ಜಾಲಹಳ್ಳಿಗೆ.

ಅವ್ವ ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಆ ಪದ ಹಚ್ಚಿದೆ. ಅವಳದೇ ದನಿ ಒಂದು ನುಡಿ ಹಾಡಿತು. ನಿಂತಿತು. "ಹೂಂ, ಬಾರಸ್ರಿ ಮಾಸ್ತರ್," ಎಂದಿತು. ಆಮೇಲೆ ಪೇಟಿ ಇಲ್ಲ. ಪ್ಲಾಸ್ಟಿಕ್ ಕೀಬೋರ್ಡಿನ ಮೇಲೆ ಬೆರಳು ಬೀಳುವ ಸದ್ದು ಮಾತ್ರ, ಟಕ್, ಟಕ್ ಟಕ್, ಟಕ್... ಅವ್ವನ ಮೈಕಿನಲ್ಲಿ ಅಷ್ಟೇ ಸಿಕ್ಕಿಬಿದ್ದಿತ್ತು. ಮತ್ತೆ ಅವಳ ಇನ್ನೊಂದು ನುಡಿ.

"ಬೆರಳು ಅವರವs ಅದಾವ," ಎಂದಳು ಅವ್ವ. "ಪೇಟಿ ಎಲ್ಲಿ?"

ಅವಳಿಗೆ ಮೊದಲ ಸಲ ಎಲ್ಲ ಹೇಳಿದೆ. ಸೂತಕ, ದರ್ಜಿಯ ಹತ್ತಿರವಿದ್ದ ಕೀಲಿಕೈ, ಆ ಶನಿವಾರ ಉಂಡು ಮಲಗಿದ್ದು. ಅವ್ವ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು.

"ಇನ್ನೊಮ್ಮಿ ಹಚ್ಚು," ಎಂದಳು.

ಹಚ್ಚಿದೆ. ಮೊಬೈಲಿನೊಳಗಿನ ಅವ್ವ ಹಾಡಿ ನಿಲ್ಲಿಸಿ, ಬಾರಸ್ರಿ ಮಾಸ್ತರ್ ಎಂದಳು. ಈ ಅವ್ವ ಮೊರ ಕೆಳಗಿಟ್ಟು, ಕಣ್ಣು ಮುಚ್ಚಿ, ಅವರು ಬಾರಿಸಿ ಮುಗಿಸುವವರೆಗೆ ಸುಮ್ಮನೆ ಕಾದಳು.