ಹವಳದ ತೊಟ್ಟಿಯ ಉಪ್ಪು

ನನ್ನ ಗಂಡ ವಡಾಲದ ಒಂದು ಹೋಟೆಲಿನಲ್ಲಿ ಹೆಡ್ ಕುಕ್ ಆಗಿದ್ದರು. ಸಾಂಬಾರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಇಡೀ ಹಂಡೆಯ ಹದ ಹೇಳುತ್ತಿದ್ದರು. ಗಂಟಲಿಗೆ ರೇಡಿಯೇಶನ್ ಕೊಟ್ಟ ಮೇಲೆ ಆ ನಾಲಿಗೆ ಸತ್ತಂತಾಯಿತು. ರುಚಿ ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಇವರು ಮುಲುಂಡಿನ ನಮ್ಮ ಮನೆಯಲ್ಲಿ ಗೋಡೆ ನೋಡುತ್ತ ಕುಳಿತರು.

ಕೆಳಗಿನ ಮನೆಯವರು ಬಿಲ್ಡಿಂಗ್ ಬಿಟ್ಟು ಹೋಗುವಾಗ ತಮ್ಮ ಸಮುದ್ರದ ಅಕ್ವೇರಿಯಂ ಇವರಿಗೆ ಕೊಟ್ಟರು. ಎರಡು ಮೀನು, ಒಂದಷ್ಟು ಜೀವಂತ ಹವಳ. ಅದಕ್ಕೆ ವಾರಕ್ಕೊಮ್ಮೆ ಉಪ್ಪುನೀರು ಬದಲಿಸಬೇಕು. ಬಕೆಟ್ ಹೊರುವವಳು ಯಾರು? ನಾನೇ. ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ. ಆ ಉಪ್ಪನ್ನು ಹೊತ್ತು ಹೊತ್ತು ನನಗೆ ಸಾಕಾಗಿ ಹೋಗಿತ್ತು.

ಕೆಳಗಿನ ಮನೆಯವರು ಬಿಟ್ಟುಹೋದ ಉಪ್ಪು ಮುಗಿದ ವಾರವೇ ಹೋಟೆಲಿನ ಧಣಿಗಳ ಫೋನ್ ಬಂತು. ರುಚಿ ಬಂದಿದ್ದರೆ ಸೋಮವಾರದಿಂದ ಬನ್ನಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು.

"ಬಂದಿದೆ," ಎಂದುಬಿಟ್ಟರು ಇವರು.

"ನಿಜವಾಗ್ಲೂ ಬಂದಿದ್ಯಾ?" ಎಂದು ಕೇಳಿದೆ.

"ಎಂತ ಮಾರಾಯ್ತಿ, ನನ್ನ ನಾಲಿಗೆ ನಂಗೆ ಗೊತ್ತಿಲ್ವಾ?"

ಮರುದಿನ ಲೋಕಲ್ ಟ್ರೈನ್ ಹಿಡಿದು ಕ್ರಾಫರ್ಡ್ ಮಾರ್ಕೆಟ್‌ಗೆ ಹೋದೆವು. ಅಂಗಡಿಯವನು ಎರಡು ಬಗೆಯ ಉಪ್ಪು ಮುಂದಿಟ್ಟ. ಒಂದು ಬರೀ ಮೀನಿಗಂತೆ. ಇನ್ನೊಂದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿಯಂತೆ. ಕಲ್ಲುಪ್ಪು, ಪುಡಿಯುಪ್ಪು ಬಿಟ್ಟರೆ ಬೇರೆ ಕಂಡವಳಲ್ಲ ನಾನು. ಇವರು ಎರಡರಿಂದಲೂ ಒಂದೊಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು.

"ಅಂಕಲ್, ಯೇ ಖಾನೇ ಕಾ ನಮಕ್ ನಹೀ ಹೈ," ತಿನ್ನುವ ಉಪ್ಪಲ್ಲ ಇದು ಎಂದು ಅಂಗಡಿಯವನು ಗಾಬರಿಯಾದ.

ಇವರು ಹವಳದ ಉಪ್ಪನ್ನು ತೋರಿಸಿ, "ಇದೇ ಇರಲಿ. ಇದ್ರಲ್ಲಿ ಸ್ವಲ್ಪ ಕಹಿ ಉಂಟು," ಎಂದರು.

ಕಹಿ ತಿಳಿಯಿತಲ್ಲ ಎಂದು ನನ್ನ ಕಣ್ಣು ತುಂಬಿತು. ಯಾವುದರಲ್ಲಿ ಏನಿದೆ ಎಂದು ಅಂಗಡಿಯವನು ಮೊದಲೇ ಹೇಳಿದ್ದ, ಮೆಗ್ನೀಷಿಯಂ ಇದ್ದರೆ ಉಪ್ಪು ಕಹಿಯೆಂದು ಇವರಂಥ ಅಡುಗೆಯವರಿಗೆ ಗೊತ್ತಿರುತ್ತದೆ ಎನ್ನುವುದು ಆಗ ಹೊಳೆಯಲೇ ಇಲ್ಲ. ಆ ಭಾರದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಲುಂಡಿನವರೆಗೂ ಖುಷಿಯಿಂದಲೇ ಬಂದೆ.

ಮನೆಯಲ್ಲಿ ಎರಡು ಬಕೆಟ್ ಫಿಲ್ಟರ್ ನೀರು ಹಿಡಿದಿದ್ದೆ. ಒಂದಕ್ಕೆ ಉಪ್ಪು ಹಾಕಿ ಕದಡಿದೆ. ಇನ್ನೊಂದು ಬರೀ ನೀರು, ತೊಟ್ಟಿಯಲ್ಲಿ ಆವಿಯಾಗಿ ಇಳಿದಷ್ಟನ್ನು ತುಂಬಿಸುವುದಕ್ಕೆ. ಉಪ್ಪು ಪೂರ್ತಿ ಕರಗಿದ ಮೇಲೆ ಎರಡೂ ಒಂದೇ ಥರ ತಿಳಿಯಾಗಿ ಕಂಡವು. ಉಪ್ಪು ಅಳೆಯುವ ಮೀಟರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇವರು ಬರೀ ನೀರಿನ ಬಕೆಟ್ಟಿಗೆ ಬಗ್ಗಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುತ್ತಿದ್ದರು.

"ಹದ ಬಂತು. ಇನ್ನೊಂದು ಚಿಟಿಕೆ ಬಿದ್ರೂ ಜಾಸ್ತಿ ಆಗ್ತದೆ," ಎಂದರು.

ಮೀಟರನ್ನು ಕೆಳಗಿಟ್ಟೆ. ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಸೋಮವಾರ ಆ ಹಂಡೆಗಳ ಮುಂದೆ, ಇವರೇ ಕೆಲಸ ಕಲಿಸಿದವರ ಎದುರಿಗೆ, ಇವರ ಮಾನ ಹೋಗುವುದು ನನಗೆ ಬೇಡವಾಗಿತ್ತು.

"ಅದಕ್ಕೆ ನಾನು ಉಪ್ಪೇ ಹಾಕಿಲ್ಲ ಮಾರಾಯ್ರೆ," ಎಂದೆ.

ಇವರು ಕೈಯನ್ನು ಲುಂಗಿಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. ನನ್ನ ಮುಖ ನೋಡಲಿಲ್ಲ.

"ಧಣಿಗಳಿಗೆ ನೀನೇ ಫೋನ್ ಮಾಡಿ ಹೇಳು," ಎಂದರು. "ನನ್ನಿಂದ ಆಗುದಿಲ್ಲ."